ಇಪ್ಪತ್ತು ನಿಮಿಷದ ಕರೆಂಟು

ನಗು ಬರುವಂಥದ್ದು ಏನಾದರೊಂದು ಆಗದೆ ನನ್ನ ಕೋಣೆಯಲ್ಲಿ ವಾರ ಮುಗಿಯುವುದಿಲ್ಲ. ಅದೂ ಎಲ್ಲರೂ ಅರ್ಧ ನಿದ್ದೆಯಲ್ಲಿರುವಾಗಲೇ ಆಗುತ್ತದೆ. ಪಾರ್ಶ್ವವಾಯು ಹೊಡೆದು ಮಾತು ನಿಂತವರಿಗೆ, ಗಡಿಯಾಚೆ ಮಲಯಾಳ ಮಾತಿನ ಮೀನಂಗಡಿ ಎಂಬ ಊರಿನ ಆಸ್ಪತ್ರೆಯಲ್ಲಿ ಮಾತು ಕಲಿಸುವವಳು ನಾನು. ಉಪ್ಪುನೀರಲ್ಲಿ ಅದ್ದಿದ ಎರಡು ಸ್ಪಂಜು ತಲೆಗೆ ಕಟ್ಟಿ, ಇಪ್ಪತ್ತು ನಿಮಿಷ ಸಣ್ಣ ಕರೆಂಟು ಹರಿಸುತ್ತಾ, ಚಿತ್ರ ತೋರಿಸಿ ಹೆಸರು ಹೇಳಿಸುತ್ತೇನೆ. ಕರೆಂಟೇನೂ ಮಾತು ಕೊಡುವುದಿಲ್ಲ. ಕೆಲವರಿಗೆ ಅಭ್ಯಾಸ ತಲೆಗೆ ಹತ್ತಲು ಒಂದಿಷ್ಟು ಸಹಾಯ, ಅಷ್ಟೇ. ಕಿಟಕಿಯಾಚೆ ಮಂಜು, ಮಾಗುತ್ತಿರುವ ಭತ್ತದ ಪರಿಮಳ, ಮೆಷಿನ್ನಿನ ಸಣ್ಣ ಗುಂಯ್. ರೋಗಿಗಿಂತ ಮೊದಲು ನನಗೇ ತೂಕಡಿಕೆ.

ಹಾಗೊಂದು ಮಂಜಿನ ಬೆಳಿಗ್ಗೆ ಮರಕ್ಕಡವು ಎಂಬ ಹಳ್ಳಿಯಿಂದ ಒಬ್ಬ ಯಜಮಾನರು ಬಂದರು, ಜೊತೆಗೆ ಹೆಂಡತಿ. ನನ್ನ ಹಾಗೇ ಮನೆಯಲ್ಲಿ ಕನ್ನಡ ಮಾತಾಡುವವರು. ಹತ್ತು ದಿನದ ಚಿಕಿತ್ಸೆ. ಆಕೆ ಕೇಳಿದ್ದು ಒಂದೇ: "ಟೀಚರೇ, ಮಾತು ಬರ್ದಿದ್ರೂ ಹೋಗ್ಲಿ. ನಾನು ಯಾರು ಅಂತ ಇವ್ರಿಗೆ ಗೊತ್ತಾ? ಅದೊಂದು ಹೇಳ್ಬುಡಿ." ಅವರೋ ಕಿಟಕಿಯನ್ನು ನೋಡಿದ ಹಾಗೇ ಆಕೆಯನ್ನೂ ನೋಡುತ್ತಿದ್ದರು. ನೋಡೋಣ ಅಂದು ಸ್ಪಂಜು ನೆನೆಸಲು ಹಾಕಿದೆ.

ಬೇಲಿ

ಕರೆಂಟು ಅಂದ ಕೂಡಲೇ ಆಕೆ, "ಹಂದಿ ಬೇಲಿಗೆ ಬಿಡ್ತಾರಲ್ಲ, ಅದಾ?" ಅಂದರು.

"ಅಯ್ಯೋ, ಅಲ್ಲಮ್ಮ! ಸ್ವಲ್ಪ ಕಚಗುಳಿ ಇಟ್ಟಂಗೆ ಆಗಬಹುದು, ಅಷ್ಟೆ."

ಸಮಾಧಾನ ಆಗುತ್ತೆ ಅಂದುಕೊಂಡರೆ ಆಕೆಯ ಮುಖ ಸಪ್ಪಗಾಯಿತು. "ಹಂಗಾದ್ರೆ ಇವ್ರಿಗೆ ಏನೂ ನಾಟಲ್ಲ ಬಿಡಿ. ಹೋದ್ ವರ್ಷ ಆ ಬೇಲೀನೇ ಬರಿಗೈಲಿ ಹಿಡಿದು ನೋಡಿ, 'ಕೆಲ್ಸ ಮಾಡ್ತೈತೆ' ಅಂತ ಒಳಗ್ ಬಂದು ಕಾಫಿ ಕೇಳಿದ್ರು."

ತಲೆ

ಮೊದಲ ದಿನ ಮೆಷಿನ್ ಒಂದೇ ಸಮನೆ ಕೂಗಿತು. ತಲೆಗೂ ಸ್ಪಂಜಿಗೂ ಹೊಂದಿಕೆಯಿಲ್ಲ ಅಂತ ಅದರ ತಕರಾರು. ನೋಡಿದರೆ ಯಜಮಾನರ ತಲೆ ಪಳಪಳ, ಕೊಬ್ಬರಿ ಎಣ್ಣೆ ಕಿವಿಗೆ ಇಳಿಯುತ್ತಿದೆ.

"ಆಸ್ಪತ್ರೆಗೆ ಒಣತಲೇಲಿ ಕರ್ಕೊಂಡ್ ಬರಕ್ಕಾಯ್ತದಾ? ನೋಡ್ದೋರು ಏನಂದಾರು?"

ಸೋಪು ಹಾಕಿ ತೊಳೆದೆ. ನಾಳೆಯಿಂದ ಎಣ್ಣೆ ಬೇಡ ಅಂತ ಕೈಮುಗಿದೆ. ಮರುದಿನವೂ ಮೆಷಿನ್ ಕೂಗಿತು. ನನಗೆ ರೇಗಿಹೋಯಿತು.

"ದೇವ್ರಾಣೆಗೂ ಎಣ್ಣೆ ಮುಟ್ಟಿಲ್ಲ ಟೀಚರೇ," ಅಂದರು ಆಕೆ. "ಒಂಚೂರು ತುಪ್ಪ."

ತಪ್ಪು ಗುರುತು

ಆನೆಯ ಚಿತ್ರ ತೋರಿಸಿದಾಗಲೆಲ್ಲ ಅವರು ಕಣ್ಣುಮುಚ್ಚಿ, ಸ್ವಾಧೀನವಿದ್ದ ಎಡಗೈ ಎತ್ತಿ ಹಣೆಗೆ ಮುಟ್ಟಿಸುತ್ತಿದ್ದರು. ಬಾಯಿ ಮಾತ್ರ ಬಿಗಿ. ನಾಲ್ಕು ದಿನ ತಪ್ಪು ಗುರುತು ಹಾಕಿದೆ.

ಐದನೇ ದಿನ ಆಕೆ ಪಿಸುಗುಟ್ಟಿದರು: "ಭತ್ತ ಮಾಗೋವಾಗ ನಮ್ಮನೇಲಿ ಆ ಚಿತ್ರದಲ್ಲಿರೋರ ಹೆಸ್ರು ಯಾರೂ ಎತ್ತಲ್ಲ. ಗದ್ದೆಗೆ ನಾವೇ ಕರ್ದಂಗಾಯ್ತದೆ."

ಅಂದರೆ ಮನುಷ್ಯನಿಗೆ ಚಿತ್ರ ಸರಿಯಾಗಿಯೇ ಗೊತ್ತು! ನಾಲ್ಕೂ ತಪ್ಪು ಗುರುತು ಹೊಡೆದುಹಾಕಿ ಸರಿ ಹಾಕಿದೆ. ನನ್ನ ಮನೆ ನೂಲ್ಪುಳದಲ್ಲಿ, ಗದ್ದೆಯ ಅಂಚಿಗೇ. ಅವತ್ತಿನಿಂದ ಆ ಕಾರ್ಡನ್ನು ನಾನೂ ಹೊರಗೆ ತೆಗೆಯಲಿಲ್ಲ.

ಹತ್ತನೇ ದಿನ

ಕೊನೆಯ ದಿನ. ಆಕೆಯ ಪ್ರಶ್ನೆ ಹಾಗೇ ಉಳಿದಿತ್ತು. ಮಂಜು ಕಿಟಕಿಯೊಳಗೇ ಬಂದು ಕೂತಂತಿತ್ತು. ಯಜಮಾನರ ರೆಪ್ಪೆ ಇಳಿಯುತ್ತಿತ್ತು, ನಾನೂ ಎಲ್ಲೋ ತೇಲುತ್ತಿದ್ದೆ. ಭತ್ತದ ತೆನೆಯ ಚಿತ್ರ ಎತ್ತಿ ಹಿಡಿದೆ. "ಇದೇನು?"

ಆಕೆಗೆ ತಡೆಯಲಾಗಲಿಲ್ಲ. "ಹೇಳ್ರೀ, ನಮ್ಮ ಮೇಲಿನ್ ಗದ್ದೇದು, ಗಂಧಕಸಾಲೆ ಭತ್ತ!"

ಯಜಮಾನರು ಕಣ್ಣು ತೆರೆದರು. ನಿಧಾನಕ್ಕೆ ಆಕೆಯ ಕಡೆ ತಿರುಗಿದರು. "ಅ... ಅಲ್ಲ."

ನನ್ನ ನಿದ್ದೆ ಹಾರಿಹೋಯಿತು.

"ಅಲ್ವಾ? ಮೇಲಿನ್ ಗದ್ದೇಲೇ ತಾನೇ ಹಾಕಿದ್ದು?"

"ಅಲ್ಲ! ಕೆ... ಕೆಳಗೆ!"

ಪರೀಕ್ಷೆ ಮಾಡೋಣವೆಂದು ನಾನೂ ಅದೇ ತಪ್ಪು ಹೇಳಿದೆ: "ಗಂಧಕಸಾಲೆ ಮೇಲಿನ ಗದ್ದೇಲಿ, ಅಲ್ವಾ ಯಜಮಾನ್ರೇ?" ಅವರು ಬಹಳ ಮರ್ಯಾದೆಯಿಂದ ಹೌದೆಂದು ತಲೆಯಾಡಿಸಿದರು.

ನಾನು ಪೆಚ್ಚಾದೆ. ಆಕೆ ಮಾತ್ರ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದರು. "ನೋಡಿದ್ರಾ ಟೀಚರೇ, ನನ್ನ ಗುರ್ತು ಸಿಕ್ತು! ಊರೋರು ಏನಂದ್ರೂ ಇವ್ರು ಹೂಂ ಅಂತಾರೆ. ನಲವತ್ತು ವರ್ಷದಿಂದ 'ಅಲ್ಲ' ಅಂದಿರೋದು ನನಗೊಬ್ಬಳಿಗೇ!"