ದನದ ಡಾಕ್ಟರ ಜೀಪಿಗೆ ತಾನೇ ಬೀಳುವ ಗೇರು

ಗ್ಯಾರೇಜು ಇಟ್ಟವನು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದೇ ಕೆಟ್ಟು ನಿಂತು, ಹಗ್ಗ ಕಟ್ಟಿಸಿಕೊಂಡು, ನಮ್ಮ ಬಾಗಿಲಿಗೆ ಬರುತ್ತದೆ. ಬೆಳಗಾವಿಯ ಅನಗೋಳದಲ್ಲಿ ನನ್ನ ಗ್ಯಾರೇಜು. ಎರಡು ಸಾವಿರದ ಇಸವಿಯ ಆಚೀಚೆ ಅಲ್ಲಿಗೆ ಬಂದ ಒಂದು ಜೀಪು ನನ್ನನ್ನು ನಗಿಸಿದಷ್ಟು ಉಳಿದೆಲ್ಲ ಗಾಡಿಗಳು ಸೇರಿಯೂ ನಗಿಸಿಲ್ಲ. ಅಳಿಸಿದ್ದೂ ಅದೇ, ಆ ಮಾತು ಬೇರೆ.

ಎಮ್ಮೆಯ ಒದೆ

ಜೀಪು ನಂದಗಡದ ದನದ ಡಾಕ್ಟರದು. ಖಾನಾಪುರ ತಾಲೂಕಿನ ಹಳ್ಳಿಹಳ್ಳಿ ತಿರುಗಿ ದನಗಳಿಗೆ ಮದ್ದು ಕೊಟ್ಟು ರಿಟೈರ್ ಆದವರು. ನೌಕರಿಯಲ್ಲಿ ಇದ್ದಷ್ಟು ದಿನ ಅವರನ್ನು ಒಂದು ದನವೂ ಒದ್ದಿರಲಿಲ್ಲ. ರಿಟೈರ್ ಆದಮೇಲೆ ಪಕ್ಕದ ಮನೆಯ ಎಮ್ಮೆಯನ್ನು ಸುಮ್ಮನೆ ಮಾತಾಡಿಸಲು ಹೋಗಿ ಎಡ ಮೊಣಕಾಲಿಗೆ ಒದೆಸಿಕೊಂಡರು. ಆ ಕಾಲು ನಡೆಯಲು ಸಾಕಾಗುತ್ತಿತ್ತು, ಕ್ಲಚ್ ತುಳಿಯಲು ಸಾಲುತ್ತಿರಲಿಲ್ಲ.

ಜೀಪಿನದು ಹಳೇ ಕಾಲದ ಡೀಸೆಲ್ ಎಂಜಿನ್. ಕೀಲಿ ತಿರುವಿದ ಕೂಡಲೇ ಚಾಲೂ ಆದದ್ದನ್ನು ನಂದಗಡದಲ್ಲಿ ಯಾರೂ ಕಂಡವರಿಲ್ಲ. ಮನೆ ಮುಂದಿನ ಇಳಿಜಾರಿನಲ್ಲಿ ನಿಲ್ಲಿಸುವುದು, ಬೆಳಿಗ್ಗೆ ಹೋಗುವವರು ಬರುವವರು ಕೈಹಚ್ಚಿ ನೂಕುವುದು, ಡಾಕ್ಟರು ಕ್ಲಚ್ ಬಿಟ್ಟ ಕೂಡಲೇ ಅದು ಕೆಮ್ಮಿ ಎದ್ದೇಳುವುದು. ಊರವರಿಗೆ ಇದು ಹಲ್ಲುಜ್ಜಿದಷ್ಟೇ ಸಹಜವಾಗಿತ್ತು.

ಡಾಕ್ಟರ ಹೆಂಡತಿಯನ್ನು ನಾನು ವೈನಿ ಎನ್ನುತ್ತಿದ್ದೆ. ಅವರು ಖಡಕ್ ಆಗಿ ಹೇಳಿಬಿಟ್ಟಿದ್ದರು: "ಎಡಗಾಲು ಎತ್ತದಽ ಮನಿಯಿಂದ ಸಂತಿತನಕ ನನ್ನ ಕುಂದರಿಸ್ಕೊಂಡು ಹೋದ್ರ ಗಾಡಿ ಇಟ್ಕೊಳ್ರಿ. ಇಲ್ಲಂದ್ರ ಇಟ್ಟಿಗಿ ಭಟ್ಟಿಯವಗ ಮಾರಿಬಿಡೂದು." ಭಟ್ಟಿಯವನು ಆಗಲೇ ಜೀಪಿನ ಸುತ್ತ ಪ್ರದಕ್ಷಿಣೆ ಹಾಕಿ ಹೋಗಿದ್ದ. ಆ ಜೀಪು ಹೋದರೆ ಡಾಕ್ಟರು ಕಟ್ಟೆಯ ಮೇಲೆ ಕೂತು ಬಸ್ಸುಗಳನ್ನು ಎಣಿಸಬೇಕಾಗುತ್ತಿತ್ತು.

ಡಾಕ್ಟರು ನನ್ನ ಹತ್ತಿರ ಬಂದು, "ಮಿಸ್ತ್ರಿ, ಗೋವಾದಾಗ ಒಂದು ಪರದೇಶದ ಪೆಟ್ರೋಲ್ ಕಾರು ಗಿಡಕ್ಕ ಬಡದು ಬಿದ್ದೈತಿ. ಅದಕ್ಕ ಕ್ಲಚ್ಚಽ ಇಲ್ಲ, ಗೇರು ತಾನಽ ಬೀಳ್ತೈತಿ. ಆ ಗೇರ್‌ಬಾಕ್ಸ್ ತಂದು ನನ್ನ ಜೀಪಿಗೆ ಕೂಡಿಸು" ಎಂದರು.

"ಡಾಕ್ಟರ್ ಸಾಹೇಬ್ರ, ಅದು ಪೆಟ್ರೋಲಿಂದು, ಇದು ಡೀಸೆಲ್ಲಿಂದು. ಹೆಂಗ ಕೂಡ್ತಾವ್ರಿ?"

"ನೌಕರಿ ತುಂಬ ನಾ ಜವಾರಿ ಆಕಳಿಗೆ ಪರದೇಶದ ಹೋರಿ ಕೂಡಿಸೇನಿ. ಇದೇನ್ ದೊಡ್ಡದು?"

ಪ್ಲೇಟು

ಎಂಜಿನ್ನಿನ ಬೋಲ್ಟಿನ ತೂತುಗಳು ಒಂದು ಕಡೆ, ಗೇರ್‌ಬಾಕ್ಸಿನವು ಇನ್ನೊಂದು ಕಡೆ. ಎರಡಕ್ಕೂ ಹೊಂದುವಂತೆ ನಡುವೆ ದಪ್ಪ ಉಕ್ಕಿನ ಪ್ಲೇಟು ಬೇಕಿತ್ತು. ಅದಕ್ಕೆ ಮೊದಲು ಪ್ಲೈವುಡ್ಡಿನ ಮಾದರಿ ಮಾಡಬೇಕು. ಪ್ಲೈವುಡ್ ಹುಡುಕಿದರೆ ಸಿಕ್ಕಿದ್ದು ಮಧ್ಯಾಹ್ನ ಊಟವಾದ ಮೇಲೆ ನಾವು ಆಡುತ್ತಿದ್ದ ಸಣ್ಣ ಕ್ಯಾರಂ ಬೋರ್ಡು. ಕಟ್ಟು ಬಿಚ್ಚಿ, ಎರಡೂ ಕಡೆಯ ತೂತುಗಳನ್ನು ಅದರಲ್ಲಿ ಕೊರೆದು, ಶಹಾಪುರದ ಲೇಥ್ ಅಂಗಡಿಯ ಕಾಕಾನ ಕೈಗೆ ಕೊಟ್ಟೆ. ಕಾಕಾ ಆಯುಷ್ಯವಿಡೀ ಮಗ್ಗದ ಭಾಗಗಳನ್ನು ಮಾಡಿದವರು. ಕೊಟ್ಟ ಮಾದರಿಯನ್ನು ಕೂದಲೆಳೆಯಷ್ಟೂ ಆಚೀಚೆ ಮಾಡುವವರಲ್ಲ.

ಮಾಡಲಿಲ್ಲ. ಅವರು ತಂದ ಉಕ್ಕಿನ ಪ್ಲೇಟು ಚೌಕವಾಗಿತ್ತು. ನಾಲ್ಕು ಮೂಲೆಗೆ ನಾಲ್ಕು ದುಂಡನೆಯ ದೊಡ್ಡ ತೂತು. ಮೂಲೆಯ ಬಾಣದ ಗುರುತುಗಳನ್ನೂ ಅಚ್ಚುಕಟ್ಟಾಗಿ ಕೆತ್ತಿದ್ದರು.

"ಕಾಕಾ, ಈ ಮೂಲಿ ತೂತು ಯಾಕ ಹಾಕಿದ್ರಿ?"

"ನೀ ಕೊಟ್ಟ ಮಾದರಿಯೊಳಗ ಇದ್ವಲಾ."

"ಅದು ಕ್ಯಾರಂ ಬೋರ್ಡ್ ಅಲ್ಲೇನ್ರೀ!"

"ಖರೇ ಹೇಳ್ಬೇಕಂದ್ರ ನನಗೂ ಹಂಗಽ ಅನಿಸ್ತು. ಆದ್ರ ಪರದೇಶದ ಮಾಲು, ಇದ್ದರೂ ಇರಬಹುದು ಅಂದ್ಕೊಂಡೆ" ಎಂದು ಕಾಕಾ ಜೇಬಿಗೆ ಕೈಹಾಕಿ ಒಂದು ಡಬ್ಬಿ ತೆಗೆದರು. "ಪೌಡರೂ ಹಚ್ಚೂದಿದ್ರ ಇರ್ಲಿ ಅಂತ ತಂದೇನಿ."

ಸ್ಪ್ರಿಂಗು

ಮೂಲೆ ಕತ್ತರಿಸಿದ ಮೇಲೆ ಪ್ಲೇಟು ಸರಿಯಾಗಿ ಕೂತಿತು. ಸ್ಟಾರ್ಟರನ್ನೂ ರಿಪೇರಿ ಮಾಡಿದ್ದರಿಂದ ಜೀಪು ಕೀಲಿಗೇ ಚಾಲೂ ಆಯಿತು, ಮುಂದೆಯೂ ಹೋಯಿತು. ಆದರೆ ಎರಡನೇ ಗೇರು ಬೀಳಲೊಲ್ಲದು. ಪೆಟ್ರೋಲ್ ಎಂಜಿನ್ನು ಜೋರಾಗಿ ತಿರುಗುವ ಜಾತಿಯದು. ನಮ್ಮ ಹಳೇ ಡೀಸೆಲ್ಲಿಗೆ ಬಲ ಇದೆ, ಅವಸರ ಇಲ್ಲ. ಪಾಪ, ಗೇರ್‌ಬಾಕ್ಸು ಹಳೇ ಮನೆಯ ರೂಢಿಯ ಪ್ರಕಾರ ಎಂಜಿನ್ ಜೋರು ಹಿಡಿಯಲಿ, ಆಮೇಲೆ ಗೇರು ಬದಲಿಸೋಣ ಎಂದು ಕಾಯುತ್ತ ಕೂತಿತು. ಎಂಜಿನ್ನು ಆ ಜೋರಿಗೆ ಬರಲೇ ಇಲ್ಲ.

ಖಾನಾಪುರದ ರಸ್ತೆಯಲ್ಲಿ ಡಾಕ್ಟರನ್ನು ಕೂರಿಸಿಕೊಂಡು ಮೊದಲನೇ ಗೇರಿನಲ್ಲೇ ಒದರಿಸಿಕೊಂಡು ಹೊರಟಿದ್ದೆ. ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿಕೊಂಡವನೊಬ್ಬ ಬಾಜೂಕ್ಕೆ ಬಂದು, ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ಅವಸರ ಇದ್ರ ಹಿಂದ ಕುಂದರ್ರಿ, ಬಿಟ್ಟು ಹೋಗ್ತೀನಿ" ಎಂದ.

ಗೇರ್‌ಬಾಕ್ಸಿನ ಒಳಗೆ, ಯಾವಾಗ ಗೇರು ಬದಲಿಸಬೇಕೆಂದು ತೀರ್ಮಾನಿಸುವ ಒಂದು ಸ್ಪ್ರಿಂಗು ಇರುತ್ತದೆ. ಅದು ಮೆತ್ತಗಾದರೆ ಗೇರು ಬೇಗ ಬೀಳುತ್ತದೆ. ಬೆಳಗಾವಿಯ ಅಂಗಡಿ ಎಲ್ಲ ತಿರುಗಿದರೂ ಅಷ್ಟು ಮೆತ್ತನೆಯದು ಸಿಗಲಿಲ್ಲ. ಡಾಕ್ಟರು ಸುಮ್ಮನೆ ತಮ್ಮ ಹಳೇ ಚೀಲ ತೆಗೆದರು. ಅದರಲ್ಲಿ ಕುರಿಹಿಂಡಿಗೆ ಸಾಲಾಗಿ ಚುಚ್ಚುವ ಇಂಜೆಕ್ಷನ್ ಪಿಚಕಾರಿ ಇತ್ತು. ಅದರ ಸ್ಪ್ರಿಂಗು ಬಿಚ್ಚಿ, ಕತ್ತರಿಸಿ ಹಾಕಿದೆ. ಎರಡನೇ ಗೇರು ಬಿತ್ತು, ಮೂರನೆಯದೂ ಬಿತ್ತು. ನನಗೆ ಕುಣಿಯಬೇಕೆನಿಸುವಷ್ಟು ಸಂತೋಷವಾಯಿತು. ಒಂದೇ ತಕರಾರು, ಗೇರು ಬಿದ್ದಾಗಲೆಲ್ಲ ಜೀಪು ಒಮ್ಮೆ ಮುಂದಕ್ಕೆ ಜಿಗಿಯುತ್ತಿತ್ತು.

"ಅದು ಸ್ಪ್ರಿಂಗಿನ ಗುಣಾ" ಎಂದರು ಡಾಕ್ಟರು. "ಕುರಿನೂ ಹಿಂಗಽ ಜಿಗೀತಿದ್ವು."

ಕಾಲಿಗೆ ಹಗ್ಗ

ಆಮೇಲೆ ಉಳಿದ ತೊಂದರೆ ನನ್ನ ಎಡಗಾಲಿನದು. ಹುಟ್ಟಿದಾಗಿನಿಂದ ಕ್ಲಚ್ ತುಳಿದ ಕಾಲು ಅದು. ಕ್ಲಚ್ ಇಲ್ಲವೆಂದು ತಲೆಗೆ ಗೊತ್ತಿದ್ದರೂ ಕಾಲಿಗೆ ಗೊತ್ತಿರಲಿಲ್ಲ. ಎದುರಿಗೆ ಲಾರಿ ಕಂಡ ಕೂಡಲೇ ಅದು ತಾನಾಗಿ ಎದ್ದು ಬ್ರೇಕಿನ ಮೇಲೆ ಬೀಳುತ್ತಿತ್ತು. ಪ್ರತಿ ಸಲ ಡಾಕ್ಟರ ಹಣೆ ಗಾಜಿಗೆ ಬಡಿಯುತ್ತಿತ್ತು. ಕಡೆಗೆ ಅವರು ಇಳಿದು, ಹಿಂಡುವಾಗ ಒದೆಯುವ ಎಮ್ಮೆಗೆ ಕಾಲು ಕಟ್ಟುತ್ತಾರಲ್ಲ, ಆ ಹಗ್ಗ ತಂದು ನನ್ನ ಎಡಗಾಲನ್ನು ಸೀಟಿನ ಕೆಳಗೆ ಬಿಗಿದರು.

"ಒದೆಯೂ ದನಕ್ಕ ಇದಽ ಮದ್ದು."

ಸವಾರಿ ಬಹಳ ಸುಖವಾಗಿ ನಡೆಯಿತು. ಖಾನಾಪುರ ಮುಟ್ಟಿ, ಚಹಾದಂಗಡಿ ಕಂಡು, ಖುಷಿಯಿಂದ ಬಾಗಿಲು ತೆಗೆದು ಬಲಗಾಲು ಕೆಳಗಿಟ್ಟೆ. ಎಡಗಾಲು ಜೀಪಿನಲ್ಲೇ ಉಳಿಯಿತು. ರಸ್ತೆಯ ಮೇಲೆ ಅಂಗಾತ ಬಿದ್ದಿದ್ದ ನನ್ನನ್ನೂ ಸೀಟಿಗೆ ಕಟ್ಟಿದ ನನ್ನ ಕಾಲನ್ನೂ ನೋಡಿ ಚಹಾದಂಗಡಿಯವನು ಡಾಕ್ಟರನ್ನು ಕೇಳಿದ: "ಕೋಡಿಲೆ ಹಾಯೂದೂ ಐತೇನ್ರಿ ಇದು?"

ಸಂತೆಗೆ ಸವಾರಿ

ವೈನಿ ಹೇಳಿದ ಸಂತೆಯ ದಿನ ಬಂತು. ನಾನೂ ನಂದಗಡಕ್ಕೆ ಹೋಗಿದ್ದೆ. ಡಾಕ್ಟರು ಜೀಪು ತೊಳೆದು, ಮಾಲೆ ಹಾಕಿ, ಚಂದ ಕಾಣಲೆಂದು ಬೆಳಿಗ್ಗೆಯಿಂದ ಹೆಡ್‌ಲೈಟು ಹಚ್ಚಿಟ್ಟಿದ್ದರು. ಪೂಜೆ ಮುಗಿಯಿತು, ವೈನಿ ಹೊಸ ಸೀರೆ ಉಟ್ಟು ಹತ್ತಿ ಕೂತರು. ಇಟ್ಟಿಗೆ ಭಟ್ಟಿಯವನು ಟವೆಲ್ ಹೆಗಲಿಗೆ ಹಾಕಿ ಕಟ್ಟೆಯ ಮೇಲೆ ಕಾಯುತ್ತಿದ್ದ. ಡಾಕ್ಟರು ಕೀಲಿ ತಿರುವಿದರು. ಟಕ್ ಎಂದಿತು, ಅಷ್ಟೇ. ಹೆಡ್‌ಲೈಟಿಗೆ ಬ್ಯಾಟರಿ ಪೂರಾ ಖಾಲಿಯಾಗಿತ್ತು.

ಡಾಕ್ಟರ ಮುಖ ನೋಡಲಾಗಲಿಲ್ಲ ನನಗೆ. ಬ್ಯಾಟರಿ ಹುಡುಕಲು ಓಡಬೇಕು ಅನ್ನುವಷ್ಟರಲ್ಲಿ ಟಕ್ ಸಪ್ಪಳ ಕೇಳಿದ ಓಣಿಯವರೆಲ್ಲ ರೂಢಿಯಂತೆ ಬಂದು ಜೀಪಿಗೆ ಕೈಹಚ್ಚಿದರು. "ಢಕಲಾ ರೇ, ಢಕಲಾ!"

"ನೂಕಬ್ಯಾಡ್ರೋ! ಈ ಗೇರ್‌ಬಾಕ್ಸಿನ್ಯಾಗ ಗಾಲಿಗೂ ಎಂಜಿನ್ನಿಗೂ ನಡುವ ಬರೇ ಎಣ್ಣಿ ಐತಿ. ಎಷ್ಟು ನೂಕಿದ್ರೂ ಚಾಲೂ ಆಗೂದಿಲ್ಲ!" ಎಂದು ಕೂಗಿದೆ.

"ಮಿಸ್ತ್ರಿ, ಇದನ್ನ ನಾವು ವರ್ಷಾನುಗಟ್ಟಲೆ ನೂಕೇವಿ. ನಮಗ ಗೊತ್ತಿಲ್ಲೇನು?" ಎಂದು ಒಬ್ಬ ನನ್ನನ್ನೇ ಬದಿಗೆ ಸರಿಸಿದ.

ಜೀಪು ಇಳಿಜಾರು ಇಳಿಯಿತು. ಚಾಲೂ ಆಗಲಿಲ್ಲ. ಇನ್ನೊಂದಿಷ್ಟು ಜನ ಕೂಡಿದರು. ಓಣಿ ಮುಗಿಯಿತು, ಪೇಟೆ ಬಂತು, ಎಂಜಿನ್ನು ಕೆಮ್ಮಲೂ ಇಲ್ಲ. ವೈನಿ ಹಿಂತಿರುಗಿ, "ಸಾಕ್ರೋ, ಯಾಕಿಷ್ಟು ತ್ರಾಸ ತಗೋತೀರಿ?" ಎಂದರು.

ಬೆವರಿಳಿಸುತ್ತ ಒಬ್ಬ ಹೇಳಿದ: "ವೈನಿ, ನಮ್ಮ ಆಕಳ ಕರು ಹೊಟ್ಟ್ಯಾಗ ಅಡ್ಡ ಸಿಕ್ಕಾಗ ಡಾಕ್ಟರು ಇದಽ ಗಾಡ್ಯಾಗ ಬಂದಿದ್ರು. ನಾವು ನೂಕದಽ ಮತ್ಯಾರು ನೂಕಬೇಕು?" ನೂಕುವವರ ನಡುವೆ ವೈನಿಯ ಕಣ್ಣಿಗೆ ಬಿದ್ದವನು ಇಟ್ಟಿಗೆ ಭಟ್ಟಿಯವನು. ಟವೆಲ್ ತಲೆಗೆ ಸುತ್ತಿಕೊಂಡು ಎಲ್ಲರಿಗಿಂತ ಜೋರಾಗಿ ನೂಕುತ್ತಿದ್ದ. "ನೀ ಇದನ್ನ ಕೊಳ್ಳಾಕ ಬಂದಾವ ಅಲ್ಲೇನೋ?" ಎಂದರೆ, "ನನ್ನ ಎತ್ತಿನ ಜೋಡಿ ಉಳಿಸಿದವ್ರು ಯಾರ್ರೀ ಮತ್ತ?" ಎಂದ. ಕಣ್ಣೊರೆಸಿಕೊಂಡು ನಾನೂ ಜೀಪಿಗೆ ಕೈಹಚ್ಚಿದೆ.

ಸಂತೆ ಮುಟ್ಟಿದೆವು. ಡಾಕ್ಟರು ತಲೆ ತಗ್ಗಿಸಿ ಸ್ಟಿಯರಿಂಗ್ ಹಿಡಿದು ಕೂತೇ ಇದ್ದರು. ವೈನಿ ಇಳಿದು ಸೀರೆ ಸರಿಮಾಡಿಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದರು: "ಎಡಗಾಲು ಎತ್ತಬಾರದು ಅಂದಿದ್ದೆ. ಇವ್ರು ಬಲಗಾಲೂ ಎತ್ತಲಿಲ್ಲ, ಸಂತಿ ಬಂತು. ಗಾಡಿ ಮಾರೂದಿಲ್ಲ."

ಡಾಕ್ಟರು ಸಣ್ಣ ಹುಡುಗನ ಹಾಗೆ ನಕ್ಕರು. ನಾನು ಓಡಿಹೋಗಿ ಒಂದು ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿಸಿ ತಂದು ಹಚ್ಚಿದೆ. ಸಂತೆ ಮುಗಿಸಿ ವೈನಿ ಹತ್ತಿ ಕೂತ ಮೇಲೆ ಕೀಲಿ ತಿರುವಿದರೆ ಎಂಜಿನ್ನು ಗುಡುಗಿ ಎದ್ದಿತು. ಕಪ್ಪು ಹೊಗೆ ಬಂತು, ಗೇರು ತಾನೇ ಬಿತ್ತು, ಜೀಪು ಒಮ್ಮೆ ಜಿಗಿಯಿತು, ವೈನಿಯ ಮಡಿಲಿನ ಬದನೆಕಾಯಿಗಳೆಲ್ಲ ರಸ್ತೆಗೆ ಉರುಳಿದವು.

"ಬಂದ್ ಮಾಡ್ರಿ ಅದನ್ನ!" ಎಂದರು ವೈನಿ. "ಬರೂ ಮುಂದ ಸಪ್ಪಳಿರಲಿಲ್ಲ, ಹೊಗಿ ಇರಲಿಲ್ಲ, ಎಷ್ಟು ಛಲೋ ಇತ್ತು. ಬಂದಂಗಽ ಹೋಗೂಣು."

ನೂಕಿದವರೆಲ್ಲ ಮುಖಮುಖ ನೋಡಿಕೊಂಡರು. ಬರುವಾಗ ಇಳಿಜಾರು, ಹೋಗುವಾಗ ಏರು. ಒಬ್ಬೊಬ್ಬರಿಗೂ ಸಂತೆಯಲ್ಲಿ ಏನೋ ಕೊಳ್ಳುವುದು ಮರೆತದ್ದು ನೆನಪಾಯಿತು. ಕಡೆಗೆ ಜೀಪಿನ ಹಿಂದೆ ಉಳಿದವನು ನಾನೊಬ್ಬನೇ.