ಒಬ್ಬ ಓದುಗ ಸಾಕಿತ್ತು

ಪ್ರೂಫಣ್ಣನ ಹತ್ತಿರ ಪಾಸ್‌ವರ್ಡ್ ಇರಲಿಲ್ಲ.

ಇದ್ದದ್ದು ಒಂದು ಪ್ಯಾರಾ. ಬೆಳಿಗ್ಗೆ ಗಡ್ಡ ಹೆರೆಯುವಾಗ, ಒಂದು ಕೆನ್ನೆ ಮುಗಿದು ಬ್ಲೇಡು ಇನ್ನೊಂದಕ್ಕೆ ದಾಟುವ ಹೊತ್ತಿಗೆ, ಅದು ಇಡಿಯಾಗಿ ತಲೆಯೊಳಗೆ ಬಂದು ಕೂತಿತ್ತು. ಪಕ್ಕದ ಮನೆಯ ನಿವೃತ್ತ ಬಸ್ ಕಂಡಕ್ಟರ್ ದಿನಾ ಬೆಳಿಗ್ಗೆ ಗೇಟಿನಲ್ಲಿ ನಿಂತು ಖಾಲಿ ಬೀದಿಯನ್ನು ನೋಡುತ್ತ, ಯಾರೂ ಇಲ್ಲದಿದ್ದರೂ ಒಂದು ಹೆಜ್ಜೆ ಸರಿದು ಜಾಗ ಮಾಡಿಕೊಡುವುದರ ಬಗ್ಗೆ. ಏಳು ವರ್ಷಗಳಲ್ಲಿ ತನ್ನದು ಅನ್ನುವಂಥ ಒಂದು ವಾಕ್ಯವೂ ಹುಟ್ಟದ ತಲೆಯಲ್ಲಿ ಒಮ್ಮೆಗೇ ಇಷ್ಟು ಹುಟ್ಟಿದ್ದಕ್ಕೆ ಪ್ರೂಫಣ್ಣ ಬ್ಲೇಡು ಹಿಡಿದದ್ದನ್ನೇ ಮರೆತು ಗದ್ದ ಕೊಯ್ದುಕೊಂಡ.

ಅವನು ಔಷಧಿ ಡಬ್ಬಿಗಳನ್ನು ಮುದ್ರಿಸುವ ಪ್ರೆಸ್ಸಿನಲ್ಲಿ ಪ್ರೂಫ್ ನೋಡುವವನು. ಮಾತ್ರೆಯ ಡಬ್ಬಿ ತೆರೆದವರು ಮೊದಲು ಎಸೆಯುವ ಮಡಿಕೆ ಮಡಿಕೆಯ ತೆಳು ಚೀಟಿ ಇದೆಯಲ್ಲ, ಅದನ್ನು ಅಕ್ಷರ ಬಿಡದೆ ಓದುವುದು ಅವನ ಕೆಲಸ. ತಲೆಸುತ್ತು, ವಾಂತಿ, ಮೈತುರಿಕೆ, ತೊಂದರೆ ಮುಂದುವರಿದರೆ ವೈದ್ಯರನ್ನು ಕಾಣಿರಿ. ಹೀಗೆ ಯಾರೂ ಓದದ್ದನ್ನು ಓದಿ ಸಂಬಳ ತೆಗೆದುಕೊಳ್ಳುವವನು ಒಂದು ಕಾಲದಲ್ಲಿ ಯಾರೂ ಓದದ್ದನ್ನು ಬರೆಯುತ್ತಲೂ ಇದ್ದ. ಮೂರು ವರ್ಷ ಬ್ಲಾಗ್ ನಡೆಸಿದ್ದ. ಪ್ರತಿ ಬರಹ ಹಾಕಿದ ಮೇಲೂ ಪುಟದ ಬುಡಕ್ಕೆ ಇಳಿದು ನೋಡುತ್ತಿದ್ದ. ಪ್ರತಿಕ್ರಿಯೆ ಸೊನ್ನೆ. ಮಾರನೆಯ ದಿನ ಸೊನ್ನೆ. ಮುಂದಿನ ವಾರ ಸೊನ್ನೆ. ಪರೀಕ್ಷೆಯಲ್ಲಿ ಸೊನ್ನೆ ಬಂದರೆ ಮೇಷ್ಟರಾದರೂ ಬೈಯುತ್ತಾರೆ. ಇಲ್ಲಿ ಬೈಯುವುದಕ್ಕೂ ಯಾರೂ ಇರಲಿಲ್ಲ. ಒಂದು ದಿನ ಅವನು ಬರೆಯುವುದನ್ನು ನಿಲ್ಲಿಸಿದ. ನಿಲ್ಲಿಸಿದ್ದು ಯಾರಿಗೂ ಗೊತ್ತಾಗಲಿಲ್ಲ ಎಂಬುದು ಅವನ ಎರಡನೆಯ ಅವಮಾನ.

ಈಗ ಗದ್ದಕ್ಕೆ ಹತ್ತಿ ಒತ್ತಿಕೊಂಡು ತನಗೆ ತಾನೇ ಒಂದು ಷರತ್ತು ಹಾಕಿಕೊಂಡ. ಈ ಪ್ಯಾರಾ ಇವತ್ತೇ ಬ್ಲಾಗಿಗೆ ಹಾಕುವುದು. ಒಬ್ಬ, ಒಬ್ಬನೇ ಒಬ್ಬ ಓದಿ ಒಂದು ಮಾತು ಬರೆದರೆ ಮುಂದೆಯೂ ಬರೆಯುವುದು. ಇಲ್ಲವಾದರೆ ತಾನು ಬರೆಯುವವನೇ ಅಲ್ಲ ಎಂದು ಒಪ್ಪಿಕೊಂಡು, ಸಾಯುವ ತನಕ ವಾಂತಿ ತುರಿಕೆಗಳ ಕಾಗುಣಿತ ತಿದ್ದಿಕೊಂಡಿರುವುದು.

ಬಸ್ಸಿನಲ್ಲಿ ನಿಂತುಕೊಂಡೇ ಫೋನಿನಲ್ಲಿ ನಾಲ್ಕಾರು ಪಾಸ್‌ವರ್ಡ್ ಹಾಕಿ ನೋಡಿದ. ಹಳೆಯ ಸೈಕಲ್ಲಿನ ನಂಬರು, ಹೆಂಡತಿಯ ಹುಟ್ಟಿದ ದಿನ, ತನ್ನದೇ ಹುಟ್ಟಿದ ದಿನ. ಯಾವುದೂ ಅಲ್ಲ. ಕೊನೆಗೆ ‘ನಿಮ್ಮ ಮೊಬೈಲಿಗೆ ಕೋಡ್ ಕಳಿಸಿದ್ದೇವೆ’ ಎಂದು ಬಂತು. ಕೋಡ್ ಹೋದದ್ದು ಅವನು ಎಂದೋ ಬಿಟ್ಟುಕೊಟ್ಟಿದ್ದ ಹಳೆಯ ನಂಬರಿಗೆ. ಧೈರ್ಯ ಮಾಡಿ ಆ ನಂಬರಿಗೆ ಫೋನ್ ಮಾಡಿದ.

“ಶವದ ಗಾಡಿ. ವಿಳಾಸ ಹೇಳಿ,” ಅಂದಿತು ಆ ಕಡೆಯ ದನಿ.

“ಗಾಡಿ ಬೇಡ ಸಾರ್. ನಿಮ್ಮ ಫೋನಿಗೆ ಈಗೊಂದು ಕೋಡ್ ಬಂದಿರುತ್ತೆ. ಅದು ನಂದು. ಸ್ವಲ್ಪ ಓದಿ ಹೇಳ್ತೀರಾ?”

“ಬಂದಿದೆ. ಹೇಳಲ್ಲ.”

“ನನ್ನದೇ ಕೋಡ್ ರೀ ಅದು!”

“ಎಲ್ಲ ಕಳ್ಳರೂ ಹಾಗೇ ಹೇಳೋದು. ಹೋದ ತಿಂಗಳು ನನ್ನ ತಮ್ಮನ ಅಕೌಂಟು ಗುಡಿಸಿ ಹಾಕಿದವನೂ ‘ಸಾರ್’ ಅಂತಲೇ ಶುರು ಮಾಡಿದ್ದು.”

“ನಾನು ಬ್ಲಾಗ್ ಬರೆಯೋನು ಸಾರ್.”

“ಬರಿ. ನನ್ನ ಫೋನಿಂದ ಯಾಕೆ ಬರೀತೀಯ? ಇನ್ನೊಂದು ಸಲ ಫೋನ್ ಮಾಡಿದ್ರೆ ಗಾಡಿ ತಗೊಂಡು ನಿನ್ನ ಮನೆಗೇ ಬರ್ತೀನಿ.”

ಪ್ರೆಸ್ಸಿಗೆ ಬಂದಾಗ ಪ್ರೂಫಣ್ಣನ ಮುಖ ಒದ್ದೆ ರಟ್ಟಿನಂತಿತ್ತು. ರೇಡಿಯೋ ಅಕ್ಕ ಆಗಲೇ ಎದುರಿನ ಕುರ್ಚಿಯಲ್ಲಿ ಕೂತಿದ್ದಳು. ಮೂಲಪ್ರತಿಯನ್ನು ಗಟ್ಟಿಯಾಗಿ ಓದಿ ಹೇಳುವುದು ಅವಳ ಕೆಲಸ. ಅದನ್ನು ಕೇಳುತ್ತ ಪ್ರೂಫಿನಲ್ಲಿ ತಾಳೆ ನೋಡುವುದು ಇವನದು. ಅಲ್ಪವಿರಾಮ, ಪೂರ್ಣವಿರಾಮ, ಆವರಣ ಶುರು, ಆವರಣ ಮುಗೀತು, ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು. ಇಪ್ಪತ್ತೈದು ವರ್ಷ ಹೀಗೆ ಓದಿ ಓದಿ ಅವಳಿಗೆ ಮನಸ್ಸಿನಲ್ಲಿ ಓದುವುದೇ ಮರೆತುಹೋಗಿತ್ತು. ಮದುವೆಯ ಕರೆಯೋಲೆ ಕೊಟ್ಟರೂ ವಿರಾಮಚಿಹ್ನೆ ಸಮೇತ ಓದುತ್ತಿದ್ದಳು.

“ಏನೋ ಅದು, ಮೇಜಿನ ಕೆಳಗೆ ಫೋನು ತಿಕ್ತಿದ್ದೀಯ?”

ಪ್ರೂಫಣ್ಣ ಹೇಳಬಾರದಿತ್ತು. ಹೇಳಿದ.

“ಅಯ್ಯೋ, ಅಷ್ಟೇನಾ? ಫಿನಾಯಿಲ್ ಹತ್ರ ಹೋಗೋಣ ನಡಿ. ಅವನಿಗೆ ಬರದೇ ಇರೋದು ಯಾವುದು?”

ಫಿನಾಯಿಲ್ ಅಂದರೆ ಡಿಸೈನರು. ಕೀಬೋರ್ಡನ್ನು ದಿನಕ್ಕೆರಡು ಸಲ ಸ್ಪಿರಿಟ್ಟಿನಲ್ಲಿ ಒರೆಸುವ, ತನ್ನ ಕುರ್ಚಿಯಲ್ಲಿ ಬೇರೆಯವರು ಕೂತರೆ ಅದನ್ನು ಗಾಳಿಗಿಡುವ ಮನುಷ್ಯ. ವಿಷಯ ಕೇಳಿ ಉತ್ಸಾಹದಿಂದ ತೋಳು ಮಡಚಿದ. ಎರಡು ನಿಮಿಷ ಕುಟ್ಟಿ, “ಒಂದು ಗುಟ್ಟಿನ ಪ್ರಶ್ನೆ ಇದೆ ಅಣ್ಣ. ಉತ್ತರ ಕೊಟ್ರೆ ಒಳಗೆ ಬಿಡುತ್ತೆ. ಮೂರೇ ಅವಕಾಶ,” ಅಂದ.

ರೇಡಿಯೋ ಅಕ್ಕ ಕನ್ನಡಕ ಏರಿಸಿ ಬಾಗಿದಳು. ಅದೇ ಗಳಿಗೆಗೆ ಪಕ್ಕದ ಕೋಣೆಯ ಚೀಟಿ ಮಡಿಸುವ ಮೆಷಿನ್ನಿನಲ್ಲಿ ಕಾಗದ ಮುಗಿದು ಇಡೀ ಪ್ರೆಸ್ಸು ನಿಶ್ಶಬ್ದವಾಯಿತು.

“ನಿಮ್ಮ ಮೊದಲ ಪ್ರೇಯಸಿಯ ಹೆಸರೇನು. ಪ್ರಶ್ನಾರ್ಥಕ ಚಿಹ್ನೆ.”

ಸಕ್ಕರೆ ಚೆಲ್ಲಿದ ಕಡೆ ಇರುವೆ ಬಂದಂತೆ ಜನ ಬಂದರು. ಮೆಷಿನ್ನಿನವರು ಬಂದರು, ಅಂಟು ಹಚ್ಚುವ ಹೆಂಗಸರು ಬಂದರು. ಎಲ್ಲರ ಹಿಂದೆ, ಹೆಗಲ ಮೇಲೆ ರಟ್ಟಿನ ಪೆಟ್ಟಿಗೆ ಹೊತ್ತುಕೊಂಡು, ಪ್ಯಾಕಿಂಗ್ ವಿಭಾಗದಲ್ಲಿದ್ದ ಪ್ರೂಫಣ್ಣನ ಭಾವಮೈದನೂ ಬಂದ.

“ಅದ್ರಲ್ಲೇನಿದೆ, ನಮ್ಮಕ್ಕನ ಹೆಸರು ಹಾಕಿ,” ಅಂದ ಭಾವಮೈದ, ಪೆಟ್ಟಿಗೆ ಇಳಿಸದೆ.

ಪ್ರೂಫಣ್ಣ ಭಾವಮೈದನ ಮುಖ ನೋಡಿದ. ಬೇಡ ಅನ್ನುವುದು ಹೇಗೆ? ಫಿನಾಯಿಲ್ ಹಾಕಿದ.

“ತಪ್ಪು ಉತ್ತರ. ಪೂರ್ಣವಿರಾಮ,” ಎಂದು ಓದಿದಳು ರೇಡಿಯೋ ಅಕ್ಕ.

ಭಾವಮೈದ ಪೆಟ್ಟಿಗೆ ಇಳಿಸಿದ.

“ಮುಂಚೆ ರಿಸೆಪ್ಷನ್ನಿನಲ್ಲಿ ಉದ್ದ ಜಡೆಯವಳು ಇದ್ಳಲ್ಲ, ಅವಳ ಹೆಸರು ಹಾಕಿ ನೋಡಿ,” ಅಂದಳು ಅಂಟಿನವಳೊಬ್ಬಳು.

“ಅಯ್ಯೋ ಅವಳ ಜೊತೆ ನಾನು ಮಾತೇ ಆಡಿಲ್ಲ!”

“ಮಾತಾಡದೇ ಇದ್ದದ್ದೇ ಅನುಮಾನ. ನಮ್ಮ ಜೊತೆಯೆಲ್ಲ ಆಡ್ತಿದ್ದೆ.”

ಫಿನಾಯಿಲ್ ಕೈ ತಡೆಯಲಿಲ್ಲ. ತಪ್ಪು ಉತ್ತರ, ಪೂರ್ಣವಿರಾಮ. ಪ್ರೂಫಣ್ಣನಿಗೆ ಒಂದು ಕ್ಷಣ ಸಮಾಧಾನವಾಯಿತು. ಆದರೆ ಭಾವಮೈದ ಅಷ್ಟರಲ್ಲಿ ಫೋನ್ ಹಚ್ಚಿ ಸ್ಪೀಕರ್ ಒತ್ತಿದ್ದ.

“ಅಕ್ಕ, ಭಾವನಿಗೆ ಮೊದಲೊಬ್ಬಳು ಇದ್ಳಂತೆ. ನಿನ್ನ ಹೆಸರು ಹಾಕಿದ್ರೆ ತಪ್ಪು ಅಂತ ಕಂಪ್ಯೂಟರ್ ಹೇಳ್ತಿದೆ.”

“ಯಾರಂತೆ?” ಹೆಂಡತಿಯ ದನಿ ಇಸ್ತ್ರಿ ಪೆಟ್ಟಿಗೆಯಷ್ಟು ಸಪಾಟಾಗಿತ್ತು.

“ಯಾರೂ ಇಲ್ಲ ಕಣೆ! ಸುಮ್ನೆ ಒಂದು ಪ್ರಶ್ನೆ ಅದು.”

“ಯಾರೂ ಇಲ್ದೇ ಇದ್ರೆ ನನ್ನ ಹೆಸರು ಯಾಕೆ ತಪ್ಪಾಯ್ತು?”

ಈ ಪ್ರಶ್ನೆಗೆ ಅಲ್ಲಿದ್ದವರೆಲ್ಲ ತಲೆದೂಗಿದರು. ಹೌದಲ್ಲ ಎಂದು ಪ್ರೂಫಣ್ಣನಿಗೂ ಅನ್ನಿಸಿತು.

“ಹೇಳಿಬಿಡಿ ಭಾವ, ಯಾರವಳು?” ಭಾವಮೈದ ಇನ್ನೂ ಹತ್ತಿರ ಬಂದ. “ಮರ್ಯಾದೆಯಾಗಿ ಕೇಳ್ತಿದ್ದೀನಿ. ಯಾರು?”

“ನಿನಗ್ಯಾಕೆ?” ಎಂದು ಕಿರುಚಿದ ಪ್ರೂಫಣ್ಣ.

ಕಿರುಚಿದವನು ಬಾಯಿ ತೆರೆದುಕೊಂಡೇ ನಿಂತ. ಹತ್ತು ವರ್ಷದ ಹಿಂದೆ, ಬ್ರೌಸಿಂಗ್ ಸೆಂಟರಿನಲ್ಲಿ ಕೂತು ಬ್ಲಾಗ್ ತೆರೆದ ದಿನವೂ ಈ ಪ್ರಶ್ನೆ ಅವನಿಗೆ ಇಷ್ಟೇ ಸಿಟ್ಟು ತರಿಸಿತ್ತು. ಮೊದಲ ಪ್ರೇಯಸಿ ಅಂತ ಯಾರಾದರೂ ಇದ್ದಿದ್ದರೆ ಅವನು ಬ್ಲಾಗ್ ಯಾಕೆ ಬರೆಯುತ್ತಿದ್ದ?

“ಅದನ್ನೇ ಹಾಕು,” ಅಂದ ಸಣ್ಣಗೆ. “ನಿನಗ್ಯಾಕೆ. ಅದೇ ಉತ್ತರ.”

ಬ್ಲಾಗ್ ತೆರೆದುಕೊಂಡಿತು. ಹೆಂಗಸರು ಚಪ್ಪಾಳೆ ತಟ್ಟಿದರು. ಭಾವಮೈದ ಮಾತ್ರ, “ಆಯ್ತಕ್ಕ, ಹೆಸರು ಹೇಳಲ್ಲ ಅಂತಿದ್ದಾರೆ. ಸಂಜೆ ನೀನೇ ವಿಚಾರಿಸ್ಕೋ,” ಎಂದು ಫೋನ್ ಇಟ್ಟ.

ಪ್ರೂಫಣ್ಣ ಕುರ್ಚಿಗೆ ಕೈ ಹಾಕುವ ಮುಂಚೆಯೇ ಮ್ಯಾನೇಜರರ ಕರೆ ಬಂತು.

“ಮೆಷಿನ್ ನಿಲ್ಲಿಸಿ ಎಷ್ಟು ಜನ ರೀ ನಿಮ್ಮ ಪ್ರೇಯಸೀನ ಹುಡುಕ್ತಾ ಇದ್ದದ್ದು?” ಅಂದರು ಮ್ಯಾನೇಜರು, ಕ್ಯಾಬಿನ್ನಿನ ಬಾಗಿಲು ಮುಚ್ಚಿ.

“ಹತ್ತು ಹನ್ನೆರಡು ಜನ ಸಾರ್.”

“ಸಿಕ್ಕಿದ್ಳಾ?”

“ಇಲ್ಲ ಸಾರ್. ಇರಲೇ ಇಲ್ಲ ಸಾರ್.”

“ಇಲ್ಲದವಳಿಗೋಸ್ಕರ ನನ್ನ ಅರ್ಧ ದಿನ ಹೋಯ್ತು,” ಎಂದು ಹಲ್ಲು ಕಡಿದು, ಅವನನ್ನು ಪ್ಯಾಕಿಂಗ್ ವಿಭಾಗಕ್ಕೆ ಅಟ್ಟಿದರು. ಹಿಂದೆ ಬಿದ್ದ ಕೆಲಸ ಮುಗಿಯುವ ತನಕ ಪ್ರೂಫಣ್ಣ ಭಾವಮೈದನ ಎದುರೇ ನಿಂತು ಡಬ್ಬಿ ಜೋಡಿಸಬೇಕಾಯಿತು. ಭಾವಮೈದ ಪ್ರತಿ ಪೆಟ್ಟಿಗೆಯನ್ನೂ ಅವನ ಕಾಲ ಬೆರಳಿನ ಪಕ್ಕಕ್ಕೆ ಸರಿಯಾಗಿ ಎತ್ತಿ ಹಾಕಿದ. ಜೇಬಿನೊಳಗೆ ಫೋನು ಹೆಂಡತಿಯ ಕರೆಗೆ ಮತ್ತೆ ಮತ್ತೆ ಗುಂಯ್‌ಗುಟ್ಟಿತು. ಪ್ರೂಫಣ್ಣ ಎಲ್ಲವನ್ನೂ ಸಹಿಸಿದ. ಬಾಗಿಲು ತೆರೆದಿತ್ತು. ಪ್ಯಾರಾ ಇನ್ನೂ ತಲೆಯಲ್ಲಿತ್ತು. ಒಬ್ಬ ಸಾಕು, ಒಬ್ಬ.

ಕೆಲಸ ಬಿಡುವ ಹೊತ್ತಿಗೆ ಓಡಿ ಬಂದಾಗ ಫಿನಾಯಿಲ್ ಅವನಿಗಾಗಿಯೇ ಕಾದು ಕೂತಿದ್ದ. ಕೂದಲು ಬಾಚಿಕೊಂಡಿದ್ದ.

“ಬನ್ನಿ ಅಣ್ಣ. ಸುಣ್ಣ ಹೊಡೆದ ಮನೆ ಥರ ಮಾಡಿಟ್ಟಿದ್ದೀನಿ.”

“ಏನು ಮಾಡಿದೆ?”

“ಕ್ಲೀನು. ಹತ್ತು ವರ್ಷದ ಗಲೀಜು ಅಣ್ಣ. ಹಳೇ ಚೀಟಿಯ ಜಾಬು ಮತ್ತೆ ತೆಗೆದ್ರೆ ನಮ್ಮಲ್ಲಿ ಮೊದಲು ಏನು ಮಾಡ್ತೀವಿ? ಕಂಪನಿಯವರು, ಡಾಕ್ಟರು, ಲಾಯರು ಅಂಚಿನಲ್ಲಿ ಬರೆದಿರೋ ಟಿಪ್ಪಣಿ ಎಲ್ಲ ಕಿತ್ತು ಹಾಕಿ, ಆಮೇಲೆ ತಾನೇ ಬಾಕಿ ಕೆಲಸ? ಹಾಗೇ ಬಿಟ್ಟು ಒಂದ್ಸಲ ‘ಈ ಸಾಲು ಯಾವ ಕತ್ತೆ ಬರೆದದ್ದು’ ಅಂತ ಲಕ್ಷ ಚೀಟಿ ಮೇಲೆ ಅಚ್ಚಾಗಿ ಹೋಗಿತ್ತಲ್ಲ! ಇದ್ರಲ್ಲೂ ಒಳಗೊಂದು ಪುಟದ ತುಂಬ ಅಂಟಿಕೊಂಡಿತ್ತು. ‘ನಿಮ್ಮ ಒಪ್ಪಿಗೆಗಾಗಿ ಕಾಯುತ್ತಿವೆ’ ಅಂತ.”

“ಕಾಯ್ತಿವೆ? ಏನು ಕಾಯ್ತಿವೆ?”

“ಯಾರ್ಯಾರೋ ಬರೆದದ್ದು. ನೀವು ಒಪ್ಪಿದ್ರೆ ಮಾತ್ರ ಹೊರಗೆ ಕಾಣಿಸಬೇಕು ಅಂತ ನೀವೇ ಬೀಗ ಹಾಕಿಟ್ಟಿದ್ರಲ್ಲ. ಎಲ್ಲ ಬೋಗಸ್ ಅಣ್ಣ. ಒಬ್ಬ ಹೆಂಗಸಂತೂ ಒಂದೇ ಮಾತನ್ನ ಇಪ್ಪತ್ತು ಸಲ ಬರೆದಿದ್ಳು. ‘ಯಾಕೆ ನಿಲ್ಲಿಸಿದಿರಿ, ಆರೋಗ್ಯವಾಗಿದ್ದೀರಾ’ ಅಂತ. ಅಷ್ಟು ಸಲ ಅದೇ ಮಾತು ಅಂದ್ರೆ ಮೆಷಿನ್ ಕಳಿಸೋದು, ನಂಗೆ ಗೊತ್ತಾಗಲ್ವಾ? ಇನ್ನೊಬ್ಬ ಇದನ್ನೆಲ್ಲ ಪುಸ್ತಕ ಮಾಡೋಣ, ನಿಮ್ಮ ನಂಬರ್ ಕೊಡಿ ಅಂತ. ಪಕ್ಕಾ ಫ್ರಾಡು. ಮತ್ತೊಬ್ಬ ಆಸ್ಪತ್ರೆಯಲ್ಲಿ ಮಲಗಿದ್ದಾಗ ನಿಮ್ಮದೇ ಓದ್ತಿದ್ದೆ ಅಂತ ಉದ್ದಕ್ಕೆ ಹೊಗಳಿದ್ದ. ಕೊನೆಗೆ ಅವನೇ ಬೈದೂ ಇದ್ದ, ‘ಇಷ್ಟು ಬರೆದಿದ್ದಕ್ಕೆ ಒಂದು ಉತ್ತರ ಕೊಡೋಕೆ ನಿಮಗೇನು ಕೊಬ್ಬು’ ಅಂತ. ಅಂಥದ್ದೆಲ್ಲ ಯಾಕೆ ಇಟ್ಕೋಬೇಕು?”

ಪ್ರೂಫಣ್ಣನಿಗೆ ಆ ಬೀಗ ಈಗ ನೆನಪಾಯಿತು. ಬ್ಲಾಗಿನ ಮೊದಲ ವಾರದಲ್ಲಿ ಯಾವನೋ ಪೋಲಿ ಬಂದು ಕೆಟ್ಟ ಮಾತು ಬರೆದು ಹೋಗಿದ್ದ. ಬ್ರೌಸಿಂಗ್ ಸೆಂಟರಿನವನಿಗೆ ತೋರಿಸಿದಾಗ ಅವನು ಎರಡು ಕಡೆ ಒತ್ತಿ, “ಇನ್ನು ಯಾವ ಪೀಡೆಯೂ ಬರಲ್ಲ, ನೆಮ್ಮದಿಯಾಗಿ ಬರೀರಿ,” ಅಂದಿದ್ದ. ಬೀಗ ಬಿದ್ದದ್ದು ಪೋಲಿಗೆ ಮಾತ್ರ ಎಂದುಕೊಂಡಿದ್ದ ಪ್ರೂಫಣ್ಣ, ಬರೆಯುವ ಪುಟ ಮತ್ತು ಓದುವ ಪುಟ ಬಿಟ್ಟು ಬೇರೆ ಯಾವ ಗುಂಡಿಯನ್ನೂ ಆಮೇಲೆ ಮುಟ್ಟಿರಲಿಲ್ಲ.

“ಅವೆಲ್ಲ ಈಗ ಎಲ್ಲಿವೆ?”

“ಕಸದ ಬುಟ್ಟಿಗೆ ಹಾಕ್ದೆ.”

“ಬುಟ್ಟಿ ತೆಗಿ.”

“ಬುಟ್ಟೀನೂ ಖಾಲಿ ಮಾಡಿದ್ದೀನಿ ಅಣ್ಣ. ಅರ್ಧಂಬರ್ಧ ಕೆಲಸ ನನ್ನ ಹತ್ರ ಇಲ್ಲ.”

“ವಾಪಸ್ ತರೋಕೆ...”

“ವಾಪಸ್ ಬರೋ ಹಾಗಿದ್ರೆ ಅದನ್ನ ಕ್ಲೀನು ಅಂತಾರಾ?” ಫಿನಾಯಿಲ್ ನಕ್ಕು, ಎದ್ದು, ಕುರ್ಚಿಯನ್ನು ಅವನ ಕಡೆ ತಿರುಗಿಸಿಕೊಟ್ಟ. “ಕೂತ್ಕೊಳ್ಳಿ, ಈಗ ಆರಾಮಾಗಿ ಬರೀರಿ. ಪರವಾಗಿಲ್ಲ, ನನ್ನ ಕುರ್ಚೀಲೇ ಕೂತ್ಕೊಳ್ಳಿ.”

ಪ್ರೂಫಣ್ಣ ಕೂರಲಿಲ್ಲ. ಬಾಗಿ ಪರದೆ ನೋಡಿದ. ಕೆಳಗಿನ ಹಸಿರು ಪಟ್ಟಿಯಲ್ಲಿ ಯಂತ್ರ ತನ್ನ ಪಾಡಿಗೆ ಲೆಕ್ಕ ಒಪ್ಪಿಸಿತ್ತು. ಶಾಶ್ವತವಾಗಿ ಅಳಿಸಿದ ಪ್ರತಿಕ್ರಿಯೆಗಳು: ನಾನೂರ ಹನ್ನೆರಡು.