ಮಾವನಿಗೆ ಬಂದ ಕೊಲ್ಲಾಪುರದ ಕಾಗದ

ನನ್ನ ಸೋದರಮಾವ ತನ್ನ ಇಡೀ ಜೀವಮಾನದಲ್ಲಿ ಇಬ್ಬರನ್ನು ಮಾತ್ರ ಬಹುವಚನದಲ್ಲಿ ಮಾತನಾಡಿಸಿದ. ಆ ಇಬ್ಬರೂ ಎತ್ತುಗಳು! ನಮ್ಮೂರು ದೊಡವಾಡದ ಗೌಡರಿಗೆ ಅವನು 'ಏ ಗೌಡಾ' ಎನ್ನುತ್ತಿದ್ದ. ಬೈಲಹೊಂಗಲದಿಂದ ಬಂದ ಸರಕಾರಿ ಕಾರಕೂನರಿಗೂ 'ಬಾ, ಕೂಡು' ಅಷ್ಟೇ. ಆದರೆ ದನದ ಕೊಟ್ಟಿಗೆಯ ಬಾಗಿಲಿಗೆ ಬಂದನೆಂದರೆ ರುಮಾಲು ಸರಿಪಡಿಸಿಕೊಂಡು, ದನಿ ತಗ್ಗಿಸಿ, 'ಹಂಸಪ್ಪಾರ, ಏಳ್ರಿ. ಮಾಣಿಕಪ್ಪಾರ, ನೀರ ಕುಡೀತೀರೇನ್ರಿ?' ಎಂದು ಕೇಳುತ್ತಿದ್ದ. ಒಳಗಿನಿಂದ ನನ್ನ ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹೇಳುತ್ತಿದ್ದಳು:

"ನನಗೂ ಎರಡ ಕೋಡ ಮೂಡಿದ್ರ, ಒಂದಿನಾರ 'ಉಣ್ಣ ಬರ್ರಿ' ಅಂತಿದ್ದರೋ ಏನೋ."

ಇದನ್ನು ಬರೆಯುವಾಗಲೇ ನನಗೊಂದು ಅನುಮಾನ. ಅತ್ತೆ ಈ ಮಾತನ್ನು ನಿಜವಾಗಿ ಆಡಿದಳೇ, ಅಥವಾ ಅವಳು ಆಡಬೇಕಾಗಿತ್ತೆಂದು ನಾನೇ ಅವಳ ಬಾಯಿಗೆ ಹಾಕಿದೆನೇ? ನಾನು ಓದಿದ್ದು ತತ್ತ್ವಶಾಸ್ತ್ರ. ಆಗ ಧಾರವಾಡದಲ್ಲಿ ಕಾಲೇಜು ಇರಲಿಲ್ಲ; ಸಂಶಯಪಡುವುದನ್ನು ಕಲಿಯಲಿಕ್ಕೂ ಪುಣೆಗೇ ಹೋಗಬೇಕಾಗಿತ್ತು! ಹೋದೆ, ಕಲಿತೆ. ಅಂದಿನಿಂದ ಯಾವ ಊರಿನಲ್ಲೂ ಎರಡು ವರ್ಷ ನೆಟ್ಟಗೆ ನಿಂತಿಲ್ಲ, ಯಾವ ನೆನಪನ್ನೂ ಪೂರ್ತಿ ನಂಬಿಲ್ಲ. ಆದರೂ ಮಾವನ ಗಾಡಿ ಮಾತ್ರ ಕಣ್ಣೆದುರು ಧೂಳೆಬ್ಬಿಸುತ್ತ ಬರುತ್ತಲೇ ಇರುತ್ತದೆ. ಬಂದದ್ದು ಬಂದಂತೆ ಬರೆಯುತ್ತೇನೆ.

ಎತ್ತಿನ ಗಾಡಿಯ ಓಟಕ್ಕೆ ನಮ್ಮ ಕಡೆ ಶರ್ಯತ್ತು ಎನ್ನುತ್ತಾರೆ. ಸುಗ್ಗಿ ಮುಗಿದು ಹೊಲ ಬರಿದಾದ ಮೇಲೆ ಊರೂರಿಗೆ ಶರ್ಯತ್ತು. ಒಬ್ಬ ಗಾಡಿವಾನ ಕೆಳಗಿನಿಂದ ಮೇಲಕ್ಕೆ ಏರುವುದು ಹೇಗೆ ಎಂಬುದಕ್ಕೆ ಬರೆದಿಟ್ಟ ಕಾನೂನೇನೂ ಇರಲಿಲ್ಲ. ಬೈಲಹೊಂಗಲದಲ್ಲಿ ಗೆದ್ದವನ ಸುದ್ದಿ ಕಿತ್ತೂರಿನವರ ಕಿವಿಗೆ ಬೀಳಬೇಕು. ಕಿತ್ತೂರಿನಲ್ಲಿ ಗೆದ್ದವನನ್ನು ಒಮ್ಮೆ ನೋಡಬೇಕೆಂದು ಸವದತ್ತಿಯವರಿಗೆ ಅನ್ನಿಸಬೇಕು. ಸವದತ್ತಿ ದಾಟಿದರೆ ರಾಮದುರ್ಗ. ಅದು ಬೇರೆ ಸಂಸ್ಥಾನ. ಅಲ್ಲಿ ಗೆದ್ದವನು ನಮ್ಮ ಊರವರ ಲೆಕ್ಕದಲ್ಲಿ ವಿಲಾಯತಿಯಲ್ಲಿ ಗೆದ್ದ ಹಾಗೆ! ಅದರಾಚೆ? ಅದರಾಚೆ ಕೊಲ್ಲಾಪುರದ ಕಡೆಯ ದೊಡ್ಡ ಶರ್ಯತ್ತು. ಅಲ್ಲಿಗೆ ತಾನಾಗಿ ಹೋಗುವಂತಿಲ್ಲ. ಅಲ್ಲಿಯ ಪಂಚರಿಂದ ಕಾಗದ ಬರಬೇಕು. ಕಾಗದವಿಲ್ಲದ ಗಾಡಿ ಎಷ್ಟೇ ಓಡಲಿ, ಗೆರೆಯ ಹೊರಗೇ ನಿಂತು ನೋಡಬೇಕು.

ಮಾವನಿಗೆ ಆ ಕಾಗದ ಬೇಕಾಗಿತ್ತು. ಬೇರೇನೂ ಬೇಕಾಗಿರಲಿಲ್ಲ.

ಬೈಲಹೊಂಗಲ ಅವನಿಗೆ ಅಂಗಳವಿದ್ದಂತೆ, ಸುಮ್ಮನೆ ಗೆದ್ದ. ಕಿತ್ತೂರಿನಲ್ಲಿ ಉಳಿದವರೆಲ್ಲ ಬಾರಕೋಲು ಬೀಸುತ್ತಿದ್ದರೆ ಮಾವ ಮುಂದಕ್ಕೆ ಬಾಗಿ ಎತ್ತುಗಳಿಗೆ ಏನೋ ಪಿಸುಗುಟ್ಟುತ್ತಿದ್ದ, ಪಿಸುಗುಟ್ಟಿಯೇ ಗೆದ್ದ. ಮಂತ್ರ ಹಾಕುತ್ತಾನೆ ಎಂದರು ಜನ. ಎದುರಾಳಿಯೊಬ್ಬ ನಮ್ಮ ಮೇವಿನ ಬಣವೆಯ ಹಿಂದೆ ಅರ್ಧ ದಿನ ಅಡಗಿ ಕುಳಿತು, ಅದನ್ನು ಅಕ್ಷರ ಬಿಡದೆ ಕೇಳಿಕೊಂಡು ಹೋಗಿ ತನ್ನ ಎತ್ತುಗಳಿಗೆ ಹೇಳಿದನಂತೆ. ಅವು ಕೇಳಿ, ಕಾಲು ಮಡಚಿ ಮಲಗಿದುವಂತೆ! ನಾನು ಅಡಗಿ ಕೂಡ್ರಲಿಲ್ಲ, ನೇರವಾಗಿ ಕೇಳಿದೆ.

"ಮಂತ್ರ ಎಲ್ಲಿಂದ ಬರಬೇಕೋ ತಮ್ಮಾ," ಎಂದ ಮಾವ, "ದಾರಿ ಹೇಳತೇನಿ. ಬೈಲಹೊಂಗಲ, ಬೆಳಗಾವಿ, ಸಂಕೇಶ್ವರ, ನಿಪ್ಪಾಣಿ, ಕೊಲ್ಲಾಪುರ. ಒಂದಿನ ಹೋಗೂದೈತಲ್ಲ, ಅವರಿಗೂ ಗೊತ್ತಿರಲಿ."

ಇನ್ನು ಸವದತ್ತಿಯ ಕತೆ. ಗಾಡಿ ಹಗುರಾಗಬೇಕೆಂದು ಮಾವ ಅದರ ಮರವನ್ನು ಕೆತ್ತಿಸಿದ. ಸಾಲಲಿಲ್ಲ. ತನ್ನ ಕಿವಿಯ ಒಂಟಿ ತೆಗೆದಿಟ್ಟ, ಬೆಳ್ಳಿಯ ಉಡದಾರ ತೆಗೆದಿಟ್ಟ, ಮೀಸೆ ಬೋಳಿಸಿದ! ಶರ್ಯತ್ತಿಗೆ ವಾರವಿರುವಾಗ ರೊಟ್ಟಿ ಬಿಟ್ಟು ಮಜ್ಜಿಗೆಗೆ ಇಳಿದ. ಫಲವೇನಾಯಿತು? ಸವದತ್ತಿಯ ಮಗ್ಗುಲಿಗೇ ಇರುವ ಉಗರಗೋಳದ ಹೊಲದಲ್ಲಿ ಗಾಡಿ ಒಂದು ಬದು ಹಾರಿದಾಗ ಮಾವನೂ ಹಾರಿದ. ಗಾಡಿ ಇಳಿಯಿತು, ಮಾವ ಇಳಿಯಲಿಲ್ಲ. ಇಳಿದದ್ದು ಪಕ್ಕದ ಕುಸುಬೆ ಹೊಲದ ಮುಳ್ಳಿನಲ್ಲಿ. ಎತ್ತುಗಳು ಅವನಿಲ್ಲದೆಯೇ ಓಡಿ ಮೊದಲು ಗೆರೆ ಮುಟ್ಟಿದವು. ಗಾಡಿವಾನನಿಲ್ಲದ ಗಾಡಿಗೆ ಇನಾಮು ಕೊಡಬೇಕೋ ಬೇಡವೋ ಎಂದು ಪಂಚರು ಜಗಳಕ್ಕೆ ಬಿದ್ದರು. ಮೈತುಂಬ ಮುಳ್ಳು ಚುಚ್ಚಿಕೊಂಡು ಬಂದ ಮಾವ ತೀರ್ಪು ತಾನೇ ಕೊಟ್ಟ: "ಓಡಿದವರು ಅವರು. ನನಗ್ಯಾಕ ಕೇಳತೀಯೋ, ರುಮಾಲ ಅವರಿಗೇ ಸುತ್ತು." ಇನಾಮಿನ ರೇಷ್ಮೆ ರುಮಾಲನ್ನು ಹಂಸಪ್ಪನ ಕೋಡಿಗೆ ಸುತ್ತಿ ಊರಿಗೆ ಕರೆತಂದರು. ನಾನಾಗ ಪುಣೆಯಲ್ಲಿದ್ದೆ, ಇದನ್ನು ಕಂಡಿರಲು ಸಾಧ್ಯವೇ ಇಲ್ಲ. ಆದರೆ ಆ ರುಮಾಲಿನ ಬಣ್ಣ ಕೇಳಿ ನೋಡಿ, ಹೇಳುತ್ತೇನೆ: ಅರಿಸಿನ!

ರಾಮದುರ್ಗದಲ್ಲಿ ಗೆದ್ದ ಮೇಲೆ ತಲೆಗೆ ಗುಲಾಬಿ ಬಣ್ಣದ ಪಟಗ ಸುತ್ತಿದ ಒಬ್ಬ ಮನುಷ್ಯ ಬಂದು, ಎತ್ತುಗಳ ಗೊರಸನ್ನು ಬಗ್ಗಿ ನೋಡಿ, "ಯಾವೂರು?" ಎಂದು ಕೇಳಿದ. ಮಾವ ಹೇಳಿದ. ಅವನು ತಲೆಯಾಡಿಸಿ ಹೋದ. ಇಷ್ಟೇ ನಡೆದದ್ದು. ಇಷ್ಟಕ್ಕೆ ಮಾವ ಒಂದು ವರ್ಷ ನಿದ್ದೆ ಕೆಡಿಸಿಕೊಂಡ. ಆ ಪಟಗದವನು ಕೊಲ್ಲಾಪುರದವನೇ ಎಂಬುದು ಮಾವನ ಖಾತ್ರಿ. ಮನೆಯ ಮೂಡಣ ಮಗ್ಗುಲಿಗೆ ಇದ್ದ ಕೂಡ್ರುವ ಕಲ್ಲನ್ನು ಕೀಳಿಸಿ ಬೈಲಹೊಂಗಲದ ದಾರಿ ಕಾಣುವ ಕಡೆಗೆ ಹಾಕಿಸಿದ. ದಿನಾ ಸಂಜೆ ಅಲ್ಲಿ ಕುಳಿತು ದಾರಿ ನೋಡುತ್ತಿದ್ದ. ಒಂದು ದಿನ ಗುಲಾಬಿ ಪಟಗದವನೊಬ್ಬ ಬಂದೇ ಬಂದ! ಮಾವ ಅವನನ್ನು ಕೈಹಿಡಿದು ಒಳಗೆ ಕರೆತಂದು ನಾಲ್ಕು ದಿನ ಹೋಳಿಗೆ ಹಾಕಿಸಿದ. ತಾನಾಗಿ ಬಾಯಿಬಿಟ್ಟು ಕೇಳುವುದು ಮರ್ಯಾದೆಯಲ್ಲವೆಂದು ಕಾದ. ಐದನೆಯ ದಿನ ಆತ ಗಂಟು ಬಿಚ್ಚಿ, "ಯಜಮಾನ್ರ, ಹಿಂಗ ಎಷ್ಟ ತೂಗ್ಲಿ?" ಎಂದ. ನಾಚಿಕೆಗೆ ಮಾವ ಇಡೀ ಗಂಟನ್ನೇ ಕೊಂಡ. ಆ ವರ್ಷ ನಮ್ಮ ಮನೆಯ ಪಾಯಸವೂ ಇಂಗಿನ ವಾಸನೆ ಹೊಡೆಯುತ್ತಿತ್ತು.

ನಗುತ್ತಿದ್ದೆವು. ಆದರೆ ಓಡುವ ಎತ್ತಿಗೆ ಓಡುವ ವರ್ಷಗಳು ನಾಲ್ಕೋ ಐದೋ. ಹಂಸಪ್ಪ ತಿರುವಿನಲ್ಲಿ ಅರೆಕ್ಷಣ ತಡೆಯತೊಡಗಿದ್ದ. ಅದು ನಮಗ್ಯಾರಿಗೂ ಕಾಣಿಸುತ್ತಿರಲಿಲ್ಲ, ಮಾವನಿಗೆ ಕಾಣಿಸುತ್ತಿತ್ತು. "ಈ ಸುಗ್ಗಿ ತಪ್ಪಿದ್ರ ಮುಗೀತು," ಎಂದು ಒಮ್ಮೆ ನನ್ನೆದುರು ಅಂದ. ಕೊಟ್ಟಿಗೆಗೆ ಕೇಳಿಸದಷ್ಟು ಮೆಲ್ಲಗೆ.

ಆ ಸುಗ್ಗಿಯಲ್ಲೇ, ಶಿವರಾತ್ರಿಗೆ ಒಂದು ವಾರವಿರುವಾಗ, ಗೌಡರ ಮನೆಗೆ ಕೊಲ್ಲಾಪುರದ ಕಾಗದ ಬಂತು. ಮೋಡಿ ಅಕ್ಷರ. ಆ ಲಿಪಿಯನ್ನು ನೋಡದವರಿಗೆ ಹೇಳಬೇಕೆಂದರೆ, ಮೊದಲು ಒಂದು ಉದ್ದ ಗೆರೆ ಎಳೆದು, ಮಳೆಗಾಲದ ಒದ್ದೆ ಬಟ್ಟೆಯಂತೆ ಮರಾಠಿ ಅಕ್ಷರಗಳನ್ನು ಅದಕ್ಕೆ ಒಂದರ ಮೇಲೊಂದು ನೇತುಹಾಕುತ್ತಾರೆ. ಊರಲ್ಲಿ ಅದನ್ನು ಓದಬಲ್ಲವರು ಕುಲಕರ್ಣಿಯೊಬ್ಬರೇ, ಅವರು ಪರಸ್ಥಳಕ್ಕೆ ಹೋಗಿದ್ದರು. ನಾನು ಬಿ.ಎ. ಮುಗಿಸಿ ನೌಕರಿಯಿಲ್ಲದೆ ಊರಲ್ಲಿದ್ದೆ. "ನಮ್ಮ ಬಿ.ಎ. ಇದ್ದಾನಲ್ಲ," ಎಂದ ಮಾವ. ಮೋಡಿಯನ್ನು ನಾನು ಕಲಿತದ್ದು ಅರೆಬರೆ. ಹಾಗೆಂದು ಹೇಳಬಹುದಿತ್ತು. ಹೇಳಲಿಲ್ಲ! ಜಗತ್ತನ್ನೇ ಸಂಶಯಿಸಲು ಕಲಿತವನಿಗೆ ತನ್ನ ಓದಿನ ಮೇಲೆ ಮಾತ್ರ ಸಂಶಯ ಬರಲಿಲ್ಲ.

ಗಾಡಿ, ಶರ್ಯತ್ತು, ಕೊಲ್ಲಾಪುರ ಎಂಬಷ್ಟು ಸಿಕ್ಕಿತು. ಫಾಲ್ಗುಣ ಮಾಸ, ಪಂಚಮಿ. ಅದರ ಹಿಂದೆ ಒಂದೇ ಒಂದು ಅಕ್ಷರ. ಹುಣ್ಣಿಮೆಗೆ ಮುಂಚಿನ ಪಕ್ಷವಾದರೆ ಶುದ್ಧ ಎನ್ನಲು 'ಶು', ನಂತರದ್ದಾದರೆ ವದ್ಯ ಎನ್ನಲು 'ವ'. ನೋಡಿದೆ. ಎರಡರ ಹಾಗೂ ಕಂಡಿತು. ಆಗ ತರ್ಕ ನೆರವಿಗೆ ಬಂತು: ವದ್ಯ ಪಂಚಮಿಯೆಂದರೆ ಮರಾಠರ ಬಣ್ಣದಾಟದ ದಿನ, ಶರ್ಯತ್ತು ಹಬ್ಬದ ದಿನವಲ್ಲದೆ ಮತ್ಯಾವಾಗ? "ವದ್ಯ," ಎಂದೆ, ಗಂಟಲು ಸಹ ಸರಿಪಡಿಸಿಕೊಳ್ಳದೆ. ಮುಂದಿನದನ್ನು ಓದುವ ಮೊದಲೇ ಮಾವ ಕಾಗದವನ್ನು ಕಸಿದು ರುಮಾಲಿಗೆ ಗಂಟು ಹಾಕಿಕೊಂಡು ಎತ್ತು ತೊಳೆಯಲು ಓಡಿದ್ದ. ಎರಡು ದಿನಗಳಲ್ಲಿ ಕುಲಕರ್ಣಿ ಬಂದು ಕಾಗದ ತೋರಿಸೆಂದು ಕೇಳಿದರೆ, ರುಮಾಲಿನ ಗಂಟನ್ನು ಮುಟ್ಟಿಕೊಂಡು ಮಾವ ಹೇಳಿದನಂತೆ: "ನಮ್ಮ ಬಿ.ಎ. ಓದ್ಯಾನ. ನಿನಗ್ಯಾಕ ತ್ರಾಸ?"

ಆರು ದಿನದ ದಾರಿ. ಗೆಲ್ಲುವ ಎತ್ತು ದಣಿಯಬಾರದೆಂದು ಮಾವ ನಡೆದ. ಆದ್ದರಿಂದ ನಾನೂ ನಡೆದೆ. ನಿಪ್ಪಾಣಿಯ ಹತ್ತಿರ ಕೆಲವರು ಎಲ್ಲಿಗೆ ಎಂದು ಕೇಳಿ, ಶರ್ಯತ್ತಿಗೆ ಎಂದಾಗ ಒಬ್ಬರನ್ನೊಬ್ಬರು ನೋಡಿ ನಕ್ಕರು. ಮಾವ ಅದನ್ನು ಮೆಚ್ಚುಗೆಯೆಂದು ತಿಳಿದು ಕೈಮುಗಿದ. ಎತ್ತುಗಳಿಗೆ ವಿಶ್ರಾಂತಿ ಸಿಗಲೆಂದು ನನ್ನ ಪಂಚಮಿಗೆ ಎರಡು ದಿನ ಮೊದಲೇ ಹೋಗಿ ಮುಟ್ಟಿದೆವು.

ಮೈದಾನದಲ್ಲಿ ಆಡು ಮೇಯುತ್ತಿದ್ದವು. ಸಗಣಿ ಆರಿಸುತ್ತಿದ್ದ ಒಬ್ಬ ಮುದುಕಿ ಮರಾಠಿಯಲ್ಲಿ ಹೇಳಿದಳು, ಶರ್ಯತ್ತು ಆಗಿ ಹದಿಮೂರು ದಿನವಾಯಿತೆಂದು. ನಾನು ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಬೇಕಾಗಿತ್ತು. ಹೇಳುವ ಮೊದಲೇ ಮಾವನಿಗೆ ತಿಳಿದಿತ್ತು. ಅವನು ಎತ್ತುಗಳ ಕೊರಳ ಹಗ್ಗ ಬಿಚ್ಚಿ ನೀರಿಗೆ ಬಿಟ್ಟ. ಆಮೇಲೆ ಮೈದಾನದ ಆ ತುದಿಯಿಂದ ಈ ತುದಿಯವರೆಗೆ, ಇನ್ನೂ ಅಳಿಯದ ಗಾಲಿಯ ಗೆರೆಗಳ ಮಗ್ಗುಲಿಗೆ ನಡೆದ. ನಾನು ಹಿಂದೆ ಹಿಂದೆ.

"ಈ ಗಾಡಿ ಎಡಕ್ಕ ಎಳದೈತಿ," ಎಂದ ನೆಲ ನೋಡುತ್ತ. "ಇಲ್ಲಿ ಬಾರಕೋಲ ಹಾಕ್ಯಾನ, ಗೊರಸ ನೋಡ, ಬೆದರ್ಯಾವು. ಇಂವ ತಡದ. ಇಂವ..." ಒಂದು ಜೋಡಿ ಗೆರೆಯ ಹತ್ತಿರ ಬಹಳ ಹೊತ್ತು ನಿಂತ. "ಇಂವ ಗೆದ್ದಾನ. ಚಲೋ ಓಡಸ್ಯಾನ."

ಒಂದು ಅಕ್ಷರ ಬಾರದ ಮನುಷ್ಯ ಹದಿಮೂರು ದಿನದ ಹಿಂದಿನ ಶರ್ಯತ್ತನ್ನು ತಪ್ಪಿಲ್ಲದೆ ಓದಿ ಮುಗಿಸಿದ. ಆಮೇಲೆ ಕಲ್ಲಿನ ಮೇಲೆ ಕುಳಿತು, ರುಮಾಲಿನ ಗಂಟು ಬಿಚ್ಚಿ, ಕಾಗದವನ್ನು ನನ್ನ ಕೈಗೆ ಕೊಟ್ಟ. "ಇನ್ನೊಮ್ಮೆ ಓದು."

ಈಗ ನೋಡಿದರೆ ಅದು 'ಶು'. ಬೇರೇನೂ ಆಗಿರಲು ಸಾಧ್ಯವೇ ಇಲ್ಲದಷ್ಟು 'ಶು'. "ಶುದ್ಧ," ಎಂದು ಓದಿದೆ.

"ಹೂಂ," ಎಂದ ಮಾವ. "ಮುಂದ ಓದು."

ಮುಂದೆ ಇದ್ದದ್ದು ಹೆಸರುಗಳು. ಸಾಂಗಲಿಯವನೊಬ್ಬ, ಮಿರಜಿನವನೊಬ್ಬ, ಹಾಗೇ ಏಳೆಂಟು ಹೆಸರಾಂತ ಗಾಡಿವಾನರು. ಕೊನೆಗೆ, 'ವಗೈರೆ'. ಅಷ್ಟೇ. ಊರೂರ ಗೌಡರಿಗೆ ಕಳಿಸಿದ ಒಂದೇ ಬಗೆಯ ಕಾಗದವಾಗಿತ್ತು ಅದು.

"ನನ್ನ ಹೆಸರ ಎಲ್ಲೈತಿ?" ಎಂದ ಮಾವ. "ಬೆರಳಿಟ್ಟ ತೋರಸು."

ಅವನ ತೋರುಬೆರಳನ್ನು ಹಿಡಿದು 'ವಗೈರೆ'ಯ ಮೇಲೆ ಇಟ್ಟೆ.

"ಇಷ್ಟ ಸಣ್ಣದೈತಿ?"

"ಮೋಡಿ ಹಂಗ ಮಾವಾ," ಎಂದೆ. "ಕೂಡಿಸಿ ಬರೀತಾರ."

ಎತ್ತುಗಳು ನೀರು ಕುಡಿದು ಬರುವವರೆಗೂ ಅವನು ಬೆರಳು ತೆಗೆಯಲಿಲ್ಲ.

ಮರುವರ್ಷ ಹಂಸಪ್ಪ ಓಡಲಿಲ್ಲ. ಮಾವನೂ ಬೇರೆ ಜೋಡಿ ಕಟ್ಟಲಿಲ್ಲ. ಮನೆಗೆ ಬಂದವರಿಗೆಲ್ಲ ಆ ಕಾಗದ ಬಿಚ್ಚಿ, ಅದೇ ಜಾಗದಲ್ಲಿ ಬೆರಳಿಟ್ಟು, ಕೊಲ್ಲಾಪುರದವರು ತನ್ನನ್ನು ಕರೆದಿದ್ದರು ಎಂದು ತೋರಿಸುತ್ತಿದ್ದ. ತಡವಾಗಿ ಹೋದದ್ದೇಕೆ ಎಂದು ಯಾರಾದರೂ ಕೇಳಿದರೆ, ದಾರಿ ಉದ್ದ ಎನ್ನುತ್ತಿದ್ದ. ನನ್ನ ಓದಿನ ಸುದ್ದಿಯನ್ನು ಸಾಯುವವರೆಗೂ ಎತ್ತಲಿಲ್ಲ.

ಕಾಗದ ಈಗ ನನ್ನ ಬಳಿ ಇದೆ. ಉಳಿದ ಹೆಸರುಗಳೆಲ್ಲ ಸ್ಪಷ್ಟವಾಗಿವೆ. ಕೊನೆಯ ಶಬ್ದವಿದ್ದಲ್ಲಿ ಮಾತ್ರ ಬೆರಳಿನಗಲದ ಒಂದು ಕಂದು ಕಲೆ. ಕೆಳಗೆ ಏನು ಬರೆದಿತ್ತೆಂದು ಇನ್ನು ಯಾರೂ ಹೇಳಲಾರರು. ಕೆಲವೊಮ್ಮೆ ಅದನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. ಅಲ್ಲಿ ಅವನ ಹೆಸರೇ ಇತ್ತೇನೋ. ನನಗೆ ಮೋಡಿ ಅಷ್ಟಾಗಿ ಬರುತ್ತಿರಲಿಲ್ಲ.